ಓಡದ ಸೈಕಲ್ಲನ್ನು ತುಳಿಯುವುದು

ಬೀದಿಯ ಸೈಕಲ್ಲಿಗೆ ಮಂಡ್ಯ ಸೀಮೆಯಲ್ಲಿ ಮೂರು ಕ್ರಿಯಾಪದಗಳಿವೆ: ಓಡಿಸು, ಹೊಡಿ, ತುಳಿ. ಹುಡುಗರು ಸೈಕಲ್ ಓಡಿಸುತ್ತಾರೆ. ಎತ್ತಿನಗಾಡಿ ಹೊಡೆದು ರೂಢಿಯಾದ ಹಿರಿಯರು ಅದೇ ಬಾಯಲ್ಲಿ ಸೈಕಲ್ಲನ್ನೂ ಹೊಡೆಯುತ್ತಾರೆ. ದೂರದಿಂದ ಬಂದು ಬೆವರು ಒರೆಸಿಕೊಳ್ಳುವವರು ‘ನಾಗಮಂಗಲದಿಂದ ತುಳ್ಕಂಡ್ ಬಂದೆ’ ಅನ್ನುತ್ತಾರೆ. ಈಚೆಗೆ ಮನೆಗಳ ಹಾಲಿಗೆ ಬಂದು ನಿಂತಿರುವ ವ್ಯಾಯಾಮದ ಸೈಕಲ್ಲಿಗೆ ಮಾತ್ರ ಮೊದಲೆರಡು ಒಗ್ಗುವುದಿಲ್ಲ. ಬೆಂಗಳೂರಿನ ಮಗ ಪಾಂಡವಪುರದ ಅಪ್ಪನಿಗೆ ಫೋನ್ ಮಾಡಿ ‘ಇವತ್ತು ಸೈಕಲ್ ತುಳಿದ್ರಾ?’ ಎಂದು ಕೇಳುತ್ತಾನೆಯೇ ಹೊರತು ‘ಓಡಿಸಿದ್ರಾ?’ ಎನ್ನುವುದಿಲ್ಲ. ಓಡದ್ದನ್ನು ಓಡಿಸುವುದು ಹೇಗೆ? ಮೂರರಲ್ಲಿ ಎರಡು ಉದುರಿ, ಎಲ್ಲಕ್ಕಿಂತ ಕಾಲಿಗೆ ಹತ್ತಿರವಾದದ್ದು ಉಳಿಯಿತು. ಈ ‘ತುಳಿ’ ಇಲ್ಲಿಯವರೆಗೆ ಏನೇನನ್ನು ತುಳಿದು ಬಂದಿದೆ ಎಂದು ವಿಚಾರಿಸಿದರೆ, ಸೈಕಲ್ ಕೊಳ್ಳಲು ಹೊರಟವರಿಗೂ ಒಂದಿಷ್ಟು ಲಾಭವಿದೆ.

ಪದಗಳ ಜಾತಕ ಕೇಳುವ ಚಟಕ್ಕೆ ಈ ಸೀಮೆಯಲ್ಲಿ ದೊಡ್ಡವರ ಆಸರೆಯೇ ಇದೆ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರ ಹೆಸರಿನ ‘ಜಿ’ ಎಂದರೆ ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಂ. ಓದುಗರು ಕೇಳಿದ ಪದಗಳಿಗೆ ಅವರು ‘ಪ್ರಜಾವಾಣಿ’ಯಲ್ಲಿ ಉತ್ತರ ಹೇಳತೊಡಗಿದ್ದು 1991ರಲ್ಲಿ, ‘ಇಗೋ ಕನ್ನಡ’ ಅಂಕಣದ ಮೂಲಕ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನ ಹಿಂದೆಯೂ ಅವರ ದುಡಿಮೆಯಿದೆ. ಅದಕ್ಕೂ ಹಿಂದೆ, 1894ರಲ್ಲಿ, ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ನಮಗಿದೆ. ಸರಪಳಿಯಿಂದ ಹಿಂದಿನ ಗಾಲಿ ತಿರುಗುವ, ಇಂದಿನ ರೂಪದ ಸೈಕಲ್ ಇಂಗ್ಲೆಂಡಿನಲ್ಲಿ ಬಂದದ್ದೇ 1885ರಲ್ಲಿ. ಡನ್‌ಲಪ್‌ನ ಗಾಳಿ ಟೈರು 1888ರಲ್ಲಿ. ಅಂದರೆ ಕಿಟ್ಟೆಲ್ ತನ್ನ ಚೀಟಿಗಳನ್ನು ಜೋಡಿಸುತ್ತಿದ್ದಾಗ ‘ತುಳಿ’ಯ ಕಾಲಿಗೆ ಪೆಡಲ್ ಇನ್ನೂ ಸಿಕ್ಕಿರಲಿಲ್ಲ. ಅದು ಆಗಲೇ ಸಾವಿರ ವರ್ಷ ಬರಿಗಾಲಲ್ಲಿ ನಡೆದಿತ್ತು.

ಹಳಗನ್ನಡದಲ್ಲಿ ಇದರ ರೂಪ ‘ತುೞಿ’. ನಡುವಿನ ಆ ‘ೞ’ ಕನ್ನಡಿಗರ ನಾಲಗೆಯಿಂದ ಜಾರಿಹೋಗಿ ಶತಮಾನಗಳಾದವು. ಮೞೆ ಮಳೆಯಾಯಿತು, ಏೞು ಏಳಾಯಿತು, ಕೋೞಿ ಕೋಳಿಯಾಯಿತು. ಅದೇ ಸಾಲಿನಲ್ಲಿ ತುೞಿ ತುಳಿಯಾಯಿತು. ಉಚ್ಚಾರ ಸವೆದರೂ ಅರ್ಥ ಸವೆಯಲಿಲ್ಲ. ಹಳಗನ್ನಡ ಮತ್ತು ನಡುಗನ್ನಡ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ‘ತೊತ್ತಳದುಳಿ’ ಎಂಬ ಮಾತು ಬರುತ್ತದೆ: ಒಮ್ಮೆಯಲ್ಲ, ಮತ್ತೆ ಮತ್ತೆ, ಹುಡಿಯಾಗುವಂತೆ ತುಳಿಯುವುದು. ಆನೆ ಕುದುರೆಗಳ ದಂಡು ಹಾದುಹೋದ ನೆಲದ ಸದ್ದೆಲ್ಲ ಆ ಒಂದು ಪದದ ‘ತ’ಕಾರಗಳಲ್ಲಿದೆ. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನಲ್ಲಿ ಹೊಯ್ಸಳರ ಲಕ್ಷ್ಮೀನಾರಾಯಣ ದೇವಾಲಯದ ಬುಡ ನೋಡಿದವರಿಗೆ ಈ ಪದ ಕಲ್ಲಿನಲ್ಲೇ ಸಿಗುತ್ತದೆ; ಎಲ್ಲಕ್ಕೂ ಕೆಳಗಿನ ಪಟ್ಟಿಕೆ ಆನೆಗಳದು, ಅದರ ಮೇಲೆ ಕುದುರೆಗಳದು. ಹಳೆಯವರು ಸಂಧಿ ಮಾಡಿ ‘ಕಾಲ್ದುಳಿ’ ಎಂದರು, ಇಂದಿನ ಪತ್ರಿಕೆಗಳು ‘ಕಾಲ್ತುಳಿತ’ ಎಂದು ಬರೆಯುತ್ತವೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತಾಗ ನಾಡಿನ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ನಿಂತದ್ದು ಆ ಪದ. ದಂಡಿನ ಕಾಲದ ಅರ್ಥ ಇನ್ನೂ ತಣ್ಣಗಾಗಿಲ್ಲ.

ಕಾಲಿನ ಕೆಲಸಕ್ಕೆ ಕನ್ನಡದಲ್ಲಿ ಬೇರೆ ಪದಗಳಿಲ್ಲವೇ? ಬೇಕಾದಷ್ಟಿವೆ. ಒದೆ, ಮೆಟ್ಟು, ಊರು, ಒತ್ತು, ನಡೆ. ಒದೆಯುವಾಗ ಕಾಲು ಮುಂದಕ್ಕೆ ಚಿಮ್ಮುತ್ತದೆ. ಪೆಟ್ಟು ಒಂದೇ ಕ್ಷಣದ್ದು. ಮೆಟ್ಟುವುದರಲ್ಲಿ ಗಟ್ಟಿ ನಿಲುವಿದೆ. ಅದಕ್ಕೇ ಕಾಲಿಗೆ ಹಾಕಿಕೊಳ್ಳುವುದೂ ಮೆಟ್ಟು, ಹತ್ತಿ ಹೋಗುವುದು ಮೆಟ್ಟಿಲು, ಕಷ್ಟವನ್ನು ಗೆದ್ದವನು ಮೆಟ್ಟಿ ನಿಂತವನು. ತುಳಿಯುವುದು ಹಾಗಲ್ಲ. ಮೆಟ್ಟು ಎಂದಾಗ ನಮ್ಮ ಕಣ್ಣು ಮೆಟ್ಟಿದವನ ಮೇಲಿರುತ್ತದೆ. ತುಳಿ ಎಂದಾಗ ಕಾಲಡಿಯಲ್ಲಿ ಸಿಕ್ಕಿದ್ದರ ಮೇಲೆ ಹೋಗುತ್ತದೆ. ಕೆಸರು ತುಳಿದ, ಬೆಂಕಿ ತುಳಿದ, ಮುಳ್ಳು ತುಳಿದ, ಪೈರು ತುಳಿದ. ಏನನ್ನು ಎಂದು ಹೇಳದೆ ಬರೀ ‘ತುಳಿದ’ ಎಂದರೆ ಕೇಳಿದವರಿಗೆ ವಾಕ್ಯ ಮುಗಿದಂತಾಗುವುದಿಲ್ಲ. ವ್ಯಾಕರಣ ಇದನ್ನು ಸಕರ್ಮಕ ಎನ್ನುತ್ತದೆ. ಈ ಕ್ರಿಯಾಪದದ ಬಾಳೆಲ್ಲ ಅದರ ಕರ್ಮಪದದಲ್ಲಿದೆ. ಕಾಲಿನಡಿ ಏನಿತ್ತು, ತುಳಿದಾದ ಮೇಲೆ ಅದು ಏನಾಯಿತು ಎಂಬುದೇ ಅದರ ಕತೆ.

ನೆರೆಯ ಭಾಷೆಗಳೂ ಸೈಕಲ್ಲನ್ನು ಕಾಲಿನಿಂದಲೇ ಹಿಡಿದವು. ತಮಿಳಿನಲ್ಲಿ ಸೈಕಲ್ಲಿಗೆ ‘ಮಿತಿವಂಡಿ’ ಎಂಬ ಹೆಸರಿದೆ, ತುಳಿಯುವ ಬಂಡಿ ಎಂದೇ ಅರ್ಥ. ತೆಲುಗರು ಸೈಕಲ್ಲನ್ನು ‘ತೊಕ್ಕು’ತ್ತಾರೆ, ಮಲಯಾಳಿಗಳು ‘ಚವಿಟ್ಟು’ತ್ತಾರೆ. ತಮಿಳಿನ ‘ಮಿತಿ’ ನಮ್ಮಲ್ಲಿ ‘ಮಿದಿ’ಯಾಗಿ ಉಳಿದಿದೆ, ಆದರೆ ಅದು ಕಾಲು ಬಿಟ್ಟು ಕೈಗೆ ಹತ್ತಿತು, ನಾವು ಹಿಟ್ಟು ಮಿದಿಯುತ್ತೇವೆ. ಹಿಂದಿಯವರು ಸೈಕಲ್ಲನ್ನು ನಡೆಸುತ್ತಾರೆ, ಇಂಗ್ಲಿಷರು ಕುದುರೆಯನ್ನೇರಿದ ಹಾಗೆ ಸವಾರಿ ಮಾಡುತ್ತಾರೆ. ಕಬ್ಬಿಣದ ಹೊಸ ಯಂತ್ರ ಊರಿಗೆ ಬಂದಾಗ ದಕ್ಷಿಣದ ಜನ ಅದರ ಗಾಲಿಯನ್ನಲ್ಲ, ಪೆಡಲನ್ನು ಮೊದಲು ಕಂಡರು. ಕಾಲಿನಲ್ಲಿ ತುಳಿದು ಕೆಲಸ ತೆಗೆಯುವ ರೂಢಿ ಇಲ್ಲಿ ಆಗಲೇ ಇದ್ದದ್ದರಿಂದ ಹಳೆಯ ಮಾತೇ ಸಾಕಾಯಿತು.

ಆ ರೂಢಿಯನ್ನು ಈ ಮಂಡ್ಯ ಸೀಮೆಯ ಮಣ್ಣಿನಲ್ಲೇ ನೋಡಬಹುದು. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳು ಕಾವೇರಿಯ ನೀರನ್ನು ಗದ್ದೆಗೆ ತಂದದ್ದು ಅರಸರ ಕಾಲದಲ್ಲೇ. ಅಲ್ಲಿ ತುಳಿಯುವುದೆಂದರೆ ಸೊಪ್ಪು ತುಳಿಯುವುದು. ನಾಟಿಗೆ ಮುಂಚೆ ಹೊಂಗೆ, ಎಕ್ಕ, ತಂಗಡಿ ಸೊಪ್ಪನ್ನು ಹೊರೆಗಟ್ಟಲೆ ತಂದು, ನೀರು ನಿಂತ ಗದ್ದೆಗೆ ಹರಡಿ, ಹೆಣ್ಣು ಗಂಡು ಸಾಲಾಗಿ ನಿಂತು ಮಂಡಿಯುದ್ದ ಕೆಸರಿನಲ್ಲಿ ಅದುಮಿ ತುಳಿದು ಬಿಡುತ್ತಿದ್ದರು. ಸೊಪ್ಪು ಕೆಸರಿನೊಳಗೆ ಕೊಳೆತು ಗೊಬ್ಬರವಾಗಬೇಕು. ಮೇಲೆ ತೇಲಿದರೆ ಒಣಗಿ ಹೋಗುತ್ತದೆ. ಹಾಗಾಗಿ ‘ತುಳಿದಿದ್ದು ಸಾಲದು’ ಎಂಬ ಗದರಿಕೆ ಗದ್ದೆಬದುವಿನ ನಿತ್ಯದ ಮಾತು. ಮನೆ ಕಟ್ಟುವವರು ಹುಲ್ಲು ಬೆರೆಸಿದ ಮಣ್ಣು ತುಳಿದು ಗೋಡೆ ಎಬ್ಬಿಸಿದರು, ಕುಂಬಾರರು ಜೇಡಿ ತುಳಿದು ಹದ ಮಾಡಿದರು. ಕೊಡಿಯಾಲ, ಮೇಲುಕೋಟೆಯ ನೇಕಾರರ ಗುಂಡಿಮಗ್ಗದಲ್ಲಿ ಕಾಲು ಹಲಗೆ ತುಳಿದಾಗಲೇ ಹಾಸಿನ ಎಳೆಗಳು ಬಾಯಿ ಬಿಟ್ಟು ಲಾಳಿಗೆ ದಾರಿ ಕೊಡುತ್ತಿದ್ದವು. ಆಮೇಲೆ ಬಂದ ಹೊಲಿಗೆ ಮಿಷನ್ನಿಗೂ ಜನ ಯೋಚಿಸದೆ ಇದೇ ಕ್ರಿಯಾಪದ ಕೊಟ್ಟರು.

ನಾಲೆ ಇಲ್ಲದ ಕಡೆ ನೀರನ್ನೇ ತುಳಿದು ಎತ್ತಬೇಕಿತ್ತು. ಅದೇ ಏತ, ಹಳ್ಳಿಯ ಬಾಯಲ್ಲಿ ಯಾತ. ತಮಿಳರ ‘ಏಟ್ರಂ’ ಕೂಡ ಇದೇ. ಏರು ಎಂಬ ಧಾತುವಿನ ಬಳಗ. ಕವಲುಗಂಬದ ಮೇಲೆ ಉದ್ದದ ಮರ, ಅದರ ಒಂದು ತುದಿಗೆ ಬಾವಿಗಿಳಿಯುವ ಗಳುವೂ ಬಾನಿಯೂ. ಒಬ್ಬ ಕೆಳಗೆ ನಿಂತು ಬಾನಿಯನ್ನು ಮುಳುಗಿಸಿ ಸುರಿಯುತ್ತಾನೆ; ಇನ್ನೊಬ್ಬ ಮೇಲಿನ ಮರದ ಮೇಲೆ ಬರಿಗಾಲಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತಾನೆ. ಅವನ ಮೈಭಾರ ಬಾವಿಯ ಕಡೆಗೆ ಸರಿದರೆ ಬಾನಿ ಇಳಿಯುತ್ತದೆ, ಈಚೆಗೆ ಬಂದರೆ ಏರುತ್ತದೆ. 1800ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಏತವನ್ನೂ ಎತ್ತುಗಳು ಎಳೆಯುವ ಕಪಿಲೆಯನ್ನೂ ಗುರುತು ಹಾಕಿದ್ದಾನೆ. ಏತ ತುಳಿಯುವವನು ದಿನವೆಲ್ಲ ನಡೆದರೂ ಊರು ದಾಟುವುದಿಲ್ಲ. ಆದರೆ ಅವನು ಹಾಕಿದ ಪ್ರತಿ ಹೆಜ್ಜೆಗೂ ಒಂದು ಬಾನಿ ನೀರಿನ ಲೆಕ್ಕವಿತ್ತು. ಆ ಲೆಕ್ಕ ಹಿಡಿಯಲು, ಬೇಸರ ಕಳೆಯಲು ಏತದ ಹಾಡುಗಳೇ ಹುಟ್ಟಿಕೊಂಡವು. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರ ಎದ್ದು ನಿಂತು, ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಪಾಂಡವಪುರ ಮಂಡ್ಯ ಕಡೆಗೆ ಹರಿಯಿತು. ಕೆ.ಆರ್. ಪೇಟೆ, ನಾಗಮಂಗಲಗಳ ಕಡೆ ಹೇಮಾವತಿ ನಾಲೆಗಳು ಆಮೇಲೆ ಬಂದವು. ನಾಲೆ ಬಾರದ ಕಡೆಯೂ ಪಂಪ್‌ಸೆಟ್ಟುಗಳು ಬಂದು ಏತದ ಮರ ಇಳಿಯಿತು. ಕಾಲುಗಳಿಗೆ ಬಿಡುವು ಸಿಕ್ಕಿತು. ಇಂದು ಆ ಬಿಡುವನ್ನೇ ವೈದ್ಯರು ಕಾಯಿಲೆಯ ಕಾರಣಗಳ ಪಟ್ಟಿಯಲ್ಲಿ ಬರೆಯುತ್ತಿದ್ದಾರೆ.

ಒಣ ಬೇಸಾಯದ ನಾಗಮಂಗಲದ ಕಡೆ ತುಳಿತದ ಜಾಗ ಕಣ. ರಾಗಿಗೆ ಗುಂಡು ಉರುಳಿಸುತ್ತಾರೆ. ಹುರುಳಿಯ ಸೊಪ್ಪೆಯನ್ನು ದನಗಳಿಂದ ತುಳಿಸುತ್ತಾರೆ. ನಡುವಿನ ಮೇಟಿಗೂಟಕ್ಕೆ ಹಗ್ಗ ಕಟ್ಟಿ ಎತ್ತುಗಳನ್ನು ಸುತ್ತಿಸಿದರೆ ಅವೂ ಎಲ್ಲಿಗೂ ಹೋಗುವುದಿಲ್ಲ, ಆದರೆ ಕಾಳು ಬೇರೆ ಹೊಟ್ಟು ಬೇರೆ ಆಗುತ್ತದೆ. ಎತ್ತು ಕಡಿಮೆಯಾದ ಮೇಲೆ ಜನ ಕಣವನ್ನು ಡಾಂಬರು ರಸ್ತೆಗೇ ತಂದರು. ಸುಗ್ಗಿಯಲ್ಲಿ ಈ ದಾರಿಗಳಲ್ಲಿ ಹೋದವರಿಗೆ ಗೊತ್ತು: ರಸ್ತೆಯ ಅರ್ಧಕ್ಕೆ ಹುರುಳಿಯೋ ರಾಗಿಯೋ ಹರಡಿರುತ್ತದೆ, ‘ಗಾಡಿಗಳು ತುಳೀಲಿ’ ಎಂದು ರೈತರು ಬದಿಯಲ್ಲಿ ಕೂತಿರುತ್ತಾರೆ. ಪೊಲೀಸರು ಬೇಡವೆನ್ನುತ್ತಾರೆ, ಬೈಕಿನವರು ಜಾರಿ ಬೀಳುತ್ತಾರೆ, ರೂಢಿ ನಿಂತಿಲ್ಲ. ಇಲ್ಲಿ ಕ್ರಿಯಾಪದ ಕಾಲನ್ನೇ ಬಿಟ್ಟುಕೊಟ್ಟಿದೆ. ಟೈರು ತುಳಿದರೂ ಅದು ತುಳಿತವೇ, ಕಾಳು ಉದುರಿದರೆ ಸಾಕು.

ಹೊಲದಿಂದ ಮನೆಗೆ ಬಂದರೂ ಪದ ಜೊತೆ ಬಿಡಲಿಲ್ಲ. ದಿನವೆಲ್ಲ ಗೆಯ್ದು ಬಂದ ಅಪ್ಪ ಜಗಲಿಯ ಮೇಲೆ ಬೋರಲು ಮಲಗಿ ‘ಬೆನ್ನು ತುಳಿ ಮಗಾ’ ಅನ್ನುತ್ತಾನೆ. ಮಗು ಗೋಡೆ ಹಿಡಿದು ಬೆನ್ನು, ಮೀನಖಂಡಗಳ ಮೇಲೆ ಹೆಜ್ಜೆ ಹಾಕುತ್ತದೆ. ಹಗುರ ಕಾಲು ತುಳಿದರೆ ನೋವು ಇಳಿಯುತ್ತದೆ. ಒಂದೇ ಕ್ರಿಯೆ ನಜ್ಜುಗುಜ್ಜು ಮಾಡುವುದೂ ಹೌದು, ಹಗುರ ಮಾಡುವುದೂ ಹೌದು. ಭಾರ ಯಾರದು ಎಂಬುದರ ಮೇಲೆ ಅರ್ಥ.

ಭಾರ ಯಾರದು ಎಂಬ ಪ್ರಶ್ನೆಯಿಂದಲೇ ಈ ಪದದ ಇನ್ನೊಂದು ಬಾಳು ಶುರುವಾಗುತ್ತದೆ. ‘ಮೇಲೇಳದ ಹಾಗೆ ತುಳಿದುಬಿಟ್ರು’ ಎಂಬ ಮಾತು ಮಂಡ್ಯ ಜಿಲ್ಲೆಯ ಯಾವ ಚುನಾವಣೆಯಲ್ಲೂ ತಪ್ಪಿದ್ದಲ್ಲ. ಸೋತವನೂ ಹೇಳುತ್ತಾನೆ, ಗೆದ್ದವನೂ ಹೇಳುತ್ತಾನೆ. ಆದರೆ ಅದಕ್ಕೆ ನಿಜವಾದ ತೂಕ ಬಂದದ್ದು 1970ರ ದಶಕದ ದಲಿತ ಚಳವಳಿಯ ಕರಪತ್ರ, ವೇದಿಕೆ, ಹಾಡುಗಳಲ್ಲಿ. ‘ತುಳಿತಕ್ಕೊಳಗಾದವರು’ ಎಂಬ ನಾಮಪದ ಆಗ ಕನ್ನಡದ ರಾಜಕೀಯ ಶಬ್ದಕೋಶದಲ್ಲಿ ಬೇರೂರಿತು. ‘ದಲಿತ’ದ ಸಂಸ್ಕೃತ ಮೂಲದಲ್ಲೂ ಸೀಳಿದ, ಅರೆದ ಎಂಬ ಅರ್ಥವಿದೆ, ಆದರೆ ಅರೆಯಲು ಕಲ್ಲೂ ಸಾಕು, ತುಳಿಯಲು ಕಾಲೇ ಬೇಕು. ‘ತುಳಿತ’ ಎಂದ ಕೂಡಲೇ ಮೇಲೆ ಒಬ್ಬನಿದ್ದಾನೆ ಎಂದು ಮಾತೇ ಸಾಕ್ಷಿ ಹೇಳುತ್ತದೆ. ಗದ್ದೆಯ ವ್ಯಾಕರಣವನ್ನೂ ಇಲ್ಲಿ ಮರೆಯಬಾರದು. ಸೊಪ್ಪು ತುಳಿದವನು ಒಬ್ಬ, ತುಳಿಸಿದವನು ಇನ್ನೊಬ್ಬ. ‘ಇಸು’ ಎಂಬ ಪ್ರತ್ಯಯದಲ್ಲಿ ಜಮೀನಿನ ಪಹಣಿಯೇ ಅಡಗಿತ್ತು.

ಇದರ ಪಕ್ಕದಲ್ಲೇ ಸಪ್ತಪದಿ ತುಳಿ, ಹೊಸಿಲು ತುಳಿ, ಅಡ್ಡದಾರಿ ತುಳಿ, ಕಾಲೇಜಿನ ಮೆಟ್ಟಿಲು ತುಳಿ ಎಂಬ ಬಳಕೆಗಳ ಸಾಲಿದೆ. ಇವುಗಳಲ್ಲಿ ನೆಲಕ್ಕೆ ಏನೂ ಆಗುವುದಿಲ್ಲ, ತುಳಿದವರ ಬಾಳು ಬದಲಾಗುತ್ತದೆ. ಮೇಲುಕೋಟೆಯ ಯೋಗನರಸಿಂಹನ ಬೆಟ್ಟದ ಮೆಟ್ಟಿಲು ತುಳಿದವರು ಕಲ್ಲನ್ನು ಬದಲಿಸಲು ಹೋದವರಲ್ಲ. ಕರ್ಮಪದದಿಂದ ಕರ್ತೃವಿನ ಕಡೆಗೆ ಅರ್ಥ ಹೀಗೆ ಮೆಲ್ಲಗೆ ವಾಲಿದ್ದು, ಮುಂದೆ ವ್ಯಾಯಾಮದ ಸೈಕಲ್ಲಿಗೆ ಈ ಪದ ಸಲೀಸಾಗಿ ಕೂರಲು ಮೊದಲೇ ದಾರಿ ಮಾಡಿತು.

ಊರಿನ ರಸ್ತೆಗಳಿಗೆ ಸೈಕಲ್ ಬಂದ ಮೇಲೆ ‘ತುಳಿ’ ಮೊದಲ ಬಾರಿಗೆ ದೂರ ಹೋಯಿತು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲು, ದೊಡ್ಡ ಫ್ರೇಮಿನ ಸಂದಿಗೆ ಕಾಲು ತೂರಿಸಿ ‘ಒಳಪೆಡ್ಲು’ ತುಳಿಯುವ ಹುಡುಗ, ಆಮೇಲೆ ಬಾರು, ಆಮೇಲೆ ಸೀಟು: ಇದೊಂದು ಪದವಿ ಪರೀಕ್ಷೆಗಳ ಸರಣಿಯೇ ಆಗಿತ್ತು. ಡೇರಿಗೆ ಹಾಲು, ಸಂತೆಗೆ ತರಕಾರಿ, ಗಿರಣಿಗೆ ರಾಗಿ, ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಕೆಲಸಗಾರರು ಹೋದದ್ದು ತುಳಿದೇ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ, ಬಸ್ಸಿಲ್ಲದ ಹಳ್ಳಿಗಳ ಹುಡುಗಿಯರು ಸಾಲಾಗಿ ಹೈಸ್ಕೂಲಿಗೆ ತುಳಿದರು. ಆಗ ಓಡಿಸು, ತುಳಿ ಎರಡೂ ಒಂದೇ ಕೆಲಸದ ಎರಡು ಹೆಸರು. ಮೋಟಾರು ಬಂದಾಗ ಇಬ್ಬರೂ ಬೇರೆಯಾದರು. ಬೈಕನ್ನು ಓಡಿಸುತ್ತೇವೆ, ತುಳಿಯುವುದು ಬ್ರೇಕನ್ನು ಮಾತ್ರ. ಅಂದರೆ ಮೋಟಾರು ತುಳಿತವನ್ನು ತೆಗೆದು ಓಟವನ್ನು ಇಟ್ಟುಕೊಂಡಿತು. ಮನೆಯ ವ್ಯಾಯಾಮದ ಸೈಕಲ್ ಓಟವನ್ನು ತೆಗೆದು ತುಳಿತವನ್ನು ಇಟ್ಟುಕೊಂಡಿತು. ಸ್ಕೂಟರಿನಲ್ಲಿ ಓಡಾಡಿ ಸಂಜೆ ಮನೆಯಲ್ಲಿ ತುಳಿಯುವವರು ಹಳೆಯ ಒಂದು ಸೈಕಲ್ಲನ್ನು ಎರಡು ಯಂತ್ರಗಳಾಗಿ ಹೋಳು ಮಾಡಿ ಕೊಂಡವರು.

ಎಲ್ಲಿಗೂ ಹೋಗದೆ ತುಳಿಯುವುದನ್ನು ನಮ್ಮ ಊರುಗಳು ಜಿಮ್‌ಗಿಂತ ಮೊದಲೇ ಕಂಡಿದ್ದವು. ಹಿಂದೆ ಹಳ್ಳಿಗಳಿಗೆ ‘ಸೈಕಲ್ ಆಟ’ದವರು ಬರುತ್ತಿದ್ದರು. ಶಾಲೆ ಮುಂದಿನ ಬಯಲಿನಲ್ಲಿ ಕಂಬ ನೆಟ್ಟು, ಮೈಕು ಕಟ್ಟಿ, ಒಬ್ಬ ತರುಣ ಹಗಲೂ ರಾತ್ರಿ ದಿನಗಟ್ಟಲೆ ಸೈಕಲ್ಲಿನಿಂದ ಇಳಿಯದೆ ಸುತ್ತುತ್ತಿದ್ದ. ಊಟ, ಸ್ನಾನ ಎಲ್ಲ ಅದರ ಮೇಲೆಯೇ. ಜನ ಹೋಗಿ ಬಂದು ನೋಡಿ ‘ಇನ್ನೂ ತುಳೀತಾವ್ನೆ’ ಅನ್ನುತ್ತಿದ್ದರು. ಅವನು ಎಷ್ಟು ದೂರ ಹೋದ ಎಂದು ಯಾರೂ ಲೆಕ್ಕ ಹಾಕಲಿಲ್ಲ. ಎಷ್ಟು ಹೊತ್ತು ತುಳಿದ ಎಂಬುದಕ್ಕೇ ಕಾಸು, ಅಕ್ಕಿ, ಹಾರ.

ಹೊರದೇಶಗಳಲ್ಲಿ ಹೀಗೆ ಇದ್ದಲ್ಲೇ ತುಳಿಯುವುದರ ಚರಿತ್ರೆಗೆ ಎರಡು ಕವಲು. 1796ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಲೌಂಡ್ಸ್ ‘ಜಿಮ್ನಾಸ್ಟಿಕಾನ್’ ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದ. ಕಾಲಿಗೆ ತುಳಿಹಲಗೆ, ಕೈಗೆ ಹಿಡಿ. ಕೀಲುನೋವಿನ ರೋಗಿಗಳು ಕೂತಲ್ಲೇ ಅಂಗ ಆಡಿಸಲೆಂದು ಮಾಡಿದ್ದು. ಸೈಕಲ್ಲೇ ಹುಟ್ಟದಿದ್ದ ಕಾಲವದು. ಇನ್ನೊಂದು ಕವಲು ಜೈಲಿನದು. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ ಇಂಗ್ಲೆಂಡಿನ ಸೆರೆಮನೆಗಳಿಗೆ ದೊಡ್ಡ ತುಳಿಗಾಲಿಯನ್ನು ಕೊಟ್ಟ. ಕೈದಿಗಳು ತಿರುಗುವ ಮೆಟ್ಟಿಲನ್ನು ಗಂಟೆಗಟ್ಟಲೆ ಹತ್ತುತ್ತಲೇ ಇರಬೇಕು. ಕೆಲವೆಡೆ ಅದರಿಂದ ನೀರೆತ್ತಿದರು, ಕಾಳು ಬೀಸಿದರು. ಎಷ್ಟೋ ಕಡೆ ಅದು ಬರೀ ಗಾಳಿಯನ್ನು ಬೀಸಿತು. 1898ರ ಕಾಯ್ದೆಯ ನಂತರ ಆ ಶಿಕ್ಷೆ ಕೊನೆಗೊಂಡಿತು. ಅದರ ಹೆಸರು ‘ಟ್ರೆಡ್‌ಮಿಲ್’ ಮಾತ್ರ ಜಿಮ್‌ಗಳಲ್ಲಿ ಹಣ ಕೊಟ್ಟು ತುಳಿಯುವ ಯಂತ್ರವಾಗಿ ಬದುಕಿದೆ. 1912ರ ಟೈಟಾನಿಕ್ ಹಡಗಿನ ವ್ಯಾಯಾಮ ಕೋಣೆಯಲ್ಲಿ ನಿಂತಲ್ಲೇ ತುಳಿಯುವ ಸೈಕಲ್ಲುಗಳಿದ್ದವು. 1954ರಲ್ಲಿ ಸ್ವೀಡನ್ನಿನ ಫಾನ್ ಡೋಬೆಲ್ನ್, ಗಾಲಿಗೆ ಪಟ್ಟಿ ಬಿಗಿದು ತುಳಿತವನ್ನು ನಿಖರವಾಗಿ ಅಳೆಯುವ ಸರಳ ಎರ್ಗೋಮೀಟರ್ ವಿವರಿಸಿದ. 1973ರಲ್ಲಿ ತುಳಿತ ಅಳೆಯುವ ಸೈಕಲ್ಲೊಂದು ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣ ಏರಿ ಭೂಮಿಯನ್ನೇ ಸುತ್ತಿತು.

ಈಗ ಕೊಳ್ಳುವ ಮಾತು. ತುಳಿಯುವುದಕ್ಕೆ ಕಾಲಡಿ ಏನಾದರೂ ಇರಲೇಬೇಕು ಎಂಬುದು ಪದದ ಹಳೆಯ ನಿಯಮವಷ್ಟೆ? ಗದ್ದೆಯಲ್ಲಿ ಕೆಸರು, ಏತದಲ್ಲಿ ಬಾನಿಯ ಭಾರ, ರಸ್ತೆಯಲ್ಲಿ ಏರು ಮತ್ತು ಎದುರುಗಾಳಿ. ಮನೆಯ ಸೈಕಲ್ಲಿನಲ್ಲಿ ಇವಾವುವೂ ಇಲ್ಲ. ಆದ್ದರಿಂದ ಅಂಗಡಿಯಲ್ಲಿ ನಾವು ದುಡ್ಡು ಕೊಟ್ಟು ಕೊಳ್ಳುವುದು ಎದುರೊತ್ತನ್ನು, ಅಂದರೆ ಪ್ರತಿರೋಧವನ್ನು. ಪರದೆ, ಆ್ಯಪ್, ಬಾಟಲಿ ಇಡುವ ಗೂಡು ಎಲ್ಲ ಆಮೇಲಿನದು. ಕಾಲಿಗೆ ಎದುರಾಗಿ ಏನು ನಿಲ್ಲುತ್ತದೆ ಎಂದು ಮೊದಲು ಕೇಳಬೇಕು.

ಅಗ್ಗದ ಮಾದರಿಗಳಲ್ಲಿ ತಿರುಗುವ ಗಾಲಿಗೆ ಉಣ್ಣೆಯ ಪ್ಯಾಡು ಒತ್ತುತ್ತದೆ. ಸರಳ, ರಿಪೇರಿ ಸುಲಭ. ಆದರೆ ಪ್ಯಾಡು ಸವೆಯುತ್ತದೆ, ಸದ್ದು ಮಾಡುತ್ತದೆ. ಎರಡನೆಯದು ಅಯಸ್ಕಾಂತದ್ದು. ಲೋಹದ ಗಾಲಿ ಅಯಸ್ಕಾಂತದ ಬಳಿ ತಿರುಗಿದಾಗ ಅದರೊಳಗೆ ಸುಳಿವಿದ್ಯುತ್ ಹುಟ್ಟಿ ತಿರುಗುವಿಕೆಯನ್ನೇ ತಡೆಯುತ್ತದೆ. ಯಾವುದೂ ಯಾವುದಕ್ಕೂ ತಾಕುವುದಿಲ್ಲ, ಹಾಗಾಗಿ ಸವೆತವಿಲ್ಲ, ಸದ್ದು ಕಡಿಮೆ. ತಿರುಪನ್ನು ಕೈಯಿಂದ ತಿರುಗಿಸಿ ಅಯಸ್ಕಾಂತವನ್ನು ಹತ್ತಿರ ದೂರ ಮಾಡುವ ಮಾದರಿಗೆ ಕರೆಂಟು ಬೇಡ, ಮೀಟರಿಗೆ ಸಣ್ಣ ಸೆಲ್ ಸಾಕು. ಕರೆಂಟಿನ ಹೊತ್ತನ್ನು ನೆಚ್ಚಲಾಗದ ಹಳ್ಳಿ ಮನೆಗಳಿಗೆ ಇದೇ ವಾಸಿ. ಮೂರನೆಯದರಲ್ಲಿ ದೊಡ್ಡ ಫ್ಯಾನು ಗಾಳಿಯನ್ನು ಕಡೆಯುತ್ತದೆ. ವೇಗ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ, ಸದ್ದೂ ಏರುತ್ತದೆ. ಹರೆಯದವರ ಪಂದ್ಯದ ಚಪಲಕ್ಕೆ ಅದು ಸರಿ, ಪಕ್ಕದ ಕೋಣೆಯಲ್ಲಿ ಮಗು ಮಲಗಿದ್ದರೆ ಕಷ್ಟ.

ಆಕಾರದಲ್ಲೂ ಮೂರು ಬಗೆ. ನೆಟ್ಟಗೆ ಕೂರುವ ಸಾಮಾನ್ಯ ಸೈಕಲ್ ಹೆಚ್ಚಿನವರಿಗೆ ಸಾಕು. ಬೆನ್ನಿಗೆ ಒರಗು ಇದ್ದು ಕಾಲನ್ನು ಮುಂದೆ ಚಾಚಿ ತುಳಿಯುವ ಬಗೆ ವಯಸ್ಸಾದವರಿಗೆ, ಸೊಂಟ ನೋವಿನವರಿಗೆ, ಸೀರೆ ಪಂಚೆಯಲ್ಲೇ ಹತ್ತಿ ಇಳಿಯುವವರಿಗೆ ಅನುಕೂಲ; ಜಾಗ ಹೆಚ್ಚು ಬೇಡುತ್ತದೆ. ಮೂರನೆಯದು ಮುಂದಕ್ಕೆ ಬಾಗಿ ತುಳಿಯುವ ‘ಸ್ಪಿನ್’ ಸೈಕಲ್. ಇಲ್ಲೊಂದು ಎಚ್ಚರಿಕೆ ಬೇಕು. ಬೀದಿ ಸೈಕಲ್ಲಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೆ ಪೆಡಲ್ ನಿಲ್ಲುತ್ತದೆ, ಗಾಲಿ ತನ್ನಷ್ಟಕ್ಕೆ ಉರುಳುತ್ತದೆ. ಎಷ್ಟೋ ಸ್ಪಿನ್ ಸೈಕಲ್ಲುಗಳಲ್ಲಿ ಆ ಬಿಡುವಿಲ್ಲ. ಭಾರದ ಗಾಲಿ ತಿರುಗುವವರೆಗೆ ಪೆಡಲೂ ತಿರುಗಿ ಕಾಲನ್ನು ಎಳೆದೊಯ್ಯುತ್ತದೆ. ಆಗ ಯಂತ್ರವೇ ನಮ್ಮನ್ನು ತುಳಿಸುತ್ತದೆ. ಮಂಡಿ ಸೋತವರು, ಮಕ್ಕಳಿರುವ ಮನೆಯವರು ಬ್ರೇಕು ಎಲ್ಲಿದೆ, ಎಷ್ಟು ಬೇಗ ಹಿಡಿಯುತ್ತದೆ ಎಂದು ನೋಡದೆ ಅದನ್ನು ತರಬಾರದು.

ಅಳತೆಯ ವಿಷಯದಲ್ಲಿ ಮುಲಾಜು ಬೇಡ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ಮುಂಗಾಲಿನಲ್ಲಿ ತುಳಿಯುವಾಗ ಮಂಡಿಯಲ್ಲಿ ಸುಮಾರು 25ರಿಂದ 35 ಡಿಗ್ರಿ ಬಾಗು ಉಳಿಯುತ್ತದೆ. ಸೀಟು ತಗ್ಗಾದರೆ ಮಂಡಿಯ ಮುಂಭಾಗ ನೋಯುತ್ತದೆ, ಎತ್ತರವಾದರೆ ಸೊಂಟ ಅತ್ತಿತ್ತ ಹೊಯ್ದಾಡುತ್ತದೆ. ಮನೆಯ ಅತಿ ಕುಳ್ಳರಿಗೂ ಅತಿ ಎತ್ತರದವರಿಗೂ ಸೀಟು ಹೊಂದುತ್ತದೆಯೇ ಎಂದು ಇಬ್ಬರನ್ನೂ ಕೂರಿಸಿ ನೋಡಬೇಕು. ಯಂತ್ರ ಹೊರಬಲ್ಲ ತೂಕ ಮನೆಯ ಅತಿ ಭಾರದವರಿಗಿಂತ ಸಾಕಷ್ಟು ಹೆಚ್ಚಿರಲಿ. ಸೆರಗು, ಪಂಚೆಯ ಅಂಚು ಸಿಕ್ಕದಂತೆ ಗಾಲಿಗೂ ಬೆಲ್ಟಿಗೂ ಪೂರ್ತಿ ಮುಚ್ಚಳ ಬೇಕು. ಅಂಗಡಿಯಲ್ಲಿ ಒಂದು ನಿಮಿಷ ಕಾಲಾಡಿಸಿ ಬರುವುದಲ್ಲ, ಹತ್ತು ನಿಮಿಷ ತುಳಿಯಿರಿ. ಸೀಟಿನ ಗುಣ ಐದನೆಯ ನಿಮಿಷದ ಮೇಲೆ ತಿಳಿಯುವುದು. ಪೆಡಲ್, ಬೆಲ್ಟು, ಸೀಟು ಮಂಡ್ಯದಲ್ಲೋ ಮೈಸೂರಿನಲ್ಲೋ ಬಿಡಿಯಾಗಿ ಸಿಗುತ್ತವೆಯೇ ಎಂದೂ ಕೇಳಿ. ಪರದೆಯ ಮೇಲಿನ ಕ್ಯಾಲೊರಿ ಅಂದಾಜಿನದು. ನಿನ್ನೆಯ ನಿಮ್ಮೊಂದಿಗೆ ಹೋಲಿಸಿಕೊಳ್ಳಲು ಬಂದೀತು, ಊಟದ ಲೆಕ್ಕಕ್ಕೆ ಬಾರದು.

ಎಷ್ಟು ತುಳಿಯಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕು. ಮಧ್ಯಮವೆಂದರೆ ಮಾತಾಡಲು ಬರುತ್ತದೆ, ಹಾಡಲು ಬರುವುದಿಲ್ಲ. ಸುಶ್ರುತ ಸಂಹಿತೆ ಇದನ್ನೇ ಬಲದ ಅರ್ಧ ಎಂದು ಗುರುತಿಸಿ, ಎದೆಯ ಉಸಿರು ಬಾಯಿಗೆ ಬರತೊಡಗುವುದನ್ನು ಅದರ ಗಡಿಯಾಗಿ ಹೇಳುತ್ತದೆ. ಹೃದ್ರೋಗ ಇರುವವರು, ಮಂಡಿ ಶಸ್ತ್ರಚಿಕಿತ್ಸೆ ಆದವರು ಸೈಕಲ್ ಆರಿಸುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ಇನ್ನು ಉಳಿದದ್ದು ‘ಇಸು’ ಪ್ರತ್ಯಯದ ಪ್ರಶ್ನೆ. ಗದ್ದೆಯಲ್ಲಿ ಯಜಮಾನ ತುಳಿಸಿದ, ಆಳು ತುಳಿದ. ಕಣದಲ್ಲಿ ರೈತ ತುಳಿಸಿದ, ಎತ್ತು ತುಳಿಯಿತು. ಇಂಗ್ಲೆಂಡಿನ ಜೈಲಿನಲ್ಲಿ ಜೈಲರ್ ತುಳಿಸಿದ, ಕೈದಿ ತುಳಿದ. ಮನೆಯ ಸೈಕಲ್ಲಿನ ಮೇಲೆ ತುಳಿಯುವವನೂ ತುಳಿಸುವವನೂ ಒಬ್ಬನೇ ಆಗಿದ್ದಾನೆ. ಈ ಪದದ ಚರಿತ್ರೆಯಲ್ಲಿ ಇದೊಂದು ದೊಡ್ಡ ಬಿಡುಗಡೆ. ಆದರೆ ಆಳು ತಾನೇ, ಯಜಮಾನ ತಾನೇ ಆದಾಗ ರಜೆ ಮಂಜೂರಾಗುವುದೂ ಬಲು ಸಲೀಸು. ಅದಕ್ಕೇ ಅನುಭವಿಗಳು ಸೈಕಲ್ಲನ್ನು ಉಗ್ರಾಣದ ಪಕ್ಕದ ಕೋಣೆಗೆ ತಳ್ಳಬೇಡಿ, ಟಿವಿಯ ಎದುರಿಗೋ ಎಲ್ಲರೂ ಓಡಾಡುವ ಪಡಸಾಲೆಗೋ ಹಾಕಿ ಎನ್ನುತ್ತಾರೆ. ಹತ್ತಲು ಸುಲಭ, ಸದ್ದು ಕಡಿಮೆ, ಕರೆಂಟಿಲ್ಲದೆಯೂ ನಡೆಯುವ ಸಾಧಾರಣ ಯಂತ್ರ ಕಣ್ಣೆದುರು ಇದ್ದರೆ, ಒಳಗಿನ ಕೋಣೆಯ ದುಬಾರಿ ಯಂತ್ರಕ್ಕಿಂತ ಹೆಚ್ಚು ತುಳಿಸಿಕೊಳ್ಳುತ್ತದೆ.